ನಿಂಬೆ ಐಸಿಗೆ ಉಪ್ಪು

ಬೆಳಿಗ್ಗೆಯಿಂದ ಅಮೆಡಿಯೊ ಸ್ಕುಡಿಯೇರಿ ಕನ್ನಡಿಯ ಮುಂದೆ ನಿಂತು ಮೂರು ಸಲ ಟೈ ಕಟ್ಟಿ ಮೂರು ಸಲ ಬಿಚ್ಚಿದ್ದ. ಇದ್ದದ್ದು ಒಂದೇ ಕಪ್ಪು ಟೈ. ಯಾವುದನ್ನು ಕಟ್ಟುವುದು ಎಂಬ ಪ್ರಶ್ನೆ ಇರಲಿಲ್ಲ. ಗಂಟು ಎಷ್ಟು ದಪ್ಪ ಇರಬೇಕು ಎನ್ನುವುದೇ ತೊಡಕಾಗಿತ್ತು. ಕಾರು ಓಡಿಸುವವನ ಗಂಟು ಹೇಗಿದ್ದರೂ ನಡೆಯುತ್ತದೆ, ಅದನ್ನು ಯಾರೂ ನೋಡುವುದಿಲ್ಲ. ಮಾಫಿಯಾದ ಸಿಪಾಯಿಯ ಗಂಟು ಹಾಗಲ್ಲ, ಅದು ಕೊರಳಲ್ಲಿ ಕೂರಬೇಕು. ಅಮೆಡಿಯೊ ಸಿಪಾಯಿಯಾಗಿ ಎಂಟು ತಿಂಗಳಾಗಿತ್ತು. ಮೂವತ್ತೊಂದು ವರ್ಷ ಕಾರು ಓಡಿಸಿ, ಕಾಫಿ ತಂದುಕೊಟ್ಟು, ಯಾರದೋ ಅತ್ತೆಯನ್ನು ವಿಮಾನ ನಿಲ್ದಾಣಕ್ಕೆ ಬಿಟ್ಟು, ಯಾರದೋ ನಾಯಿಗೆ ಬಾಯಿ ಅಗಲಿಸಿ ಔಷಧಿ ಕುಡಿಸಿ, ಐವತ್ತೆಂಟನೆಯ ವಯಸ್ಸಿಗೆ ಕೊನೆಗೂ ಆಗಿದ್ದ. ಆದರೆ ಅದು ಗೊತ್ತಿದ್ದವರು ಭೂಮಿಯ ಮೇಲೆ ಮೂರೇ ಜನ. ಒಬ್ಬ, ಯಜಮಾನನ ಕೈಕೆಳಗಿನ ಎರಡನೆಯವನಾದ ಎತ್ತೋರೆ. ಅವನು ಸತ್ತು ಏಳು ತಿಂಗಳು. ಇನ್ನೊಬ್ಬ ಅಮೆಡಿಯೊನ ಕಪ್ತಾನ ಸಬಿನೊ; ಅವನು ಮೊನ್ನೆ ಕ್ಷೌರದಂಗಡಿಯ ಕುರ್ಚಿಯಲ್ಲಿ, ಒಂದೇ ಕೆನ್ನೆ ಹೆರೆಸಿಕೊಂಡು, ಎರಡನೆಯ ಕೆನ್ನೆಯ ನೊರೆಯೊಂದಿಗೆ ಹೊರಟುಹೋದ. ಮೂರನೆಯವರು ಸಲಹೆಗಾರ ಪೆಲೆಗ್ರಿನೊ. ಅವರಿಗೆ ಹುಚ್ಚು ಹಿಡಿದಿದೆ, ಅವರು ಯಾರ ಗುರುತನ್ನೂ ಹಿಡಿಯಲಾರರು ಎಂದು ಕೋರ್ಟಿನಲ್ಲಿ ಬೈಬಲ್ಲಿನ ಮೇಲೆ ಕೈಯಿಟ್ಟು ಹೇಳಿದವನು ಸ್ವತಃ ಅಮೆಡಿಯೊ.

ಅವನ ಹೆಂಡತಿ ಇಮ್ಮಾ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಳು. "ಸತ್ತಿರೋನು ಸಬಿನೊ. ಪೆಟ್ಟಿಗೇಲಿ ಮಲಗೋನು ನೀನಲ್ಲ. ನಿನ್ನ ಟೈನ ಯಾರು ನೋಡ್ತಾರೆ?"

"ನೋಡ್ತಾರೆ."

"ನಿನ್ನನ್ನಾ? ಮೂವತ್ತೊಂದು ವರ್ಷದಿಂದ ಜನ ನೋಡಿರೋದು ನಿನ್ನ ಹಿಂದಲೆ ಒಂದನ್ನೇ. ಅದಕ್ಕೆ ಬೇಕಾದ್ರೆ ಎಣ್ಣೆ ಹಚ್ಕೊ."

ಅವಳ ಮಾತಿನಲ್ಲಿ ವಿಷವಿರಲಿಲ್ಲ, ದಣಿವಿತ್ತು. ಅದೇ ಅವನಿಗೆ ಹೆಚ್ಚು ಚುಚ್ಚುತ್ತಿತ್ತು. ಮಾಂಸದಂಗಡಿಗೆ ಅವಳ ಚಿಕ್ಕಮ್ಮನ ಮಗಳು ಹೋದರೆ ಕಟುಕ ಕೈ ಒರೆಸಿಕೊಂಡು ಹೊರಗೆ ಬರುತ್ತಾನೆ, ಏಕೆಂದರೆ ಅವಳ ಗಂಡ ಸಿಪಾಯಿ. ಇಮ್ಮಾ ಹೋದರೆ ಚೀಟಿಯ ನಂಬರು ಬರುವವರೆಗೆ ನಿಲ್ಲಬೇಕು. ಹೋದ ಈಸ್ಟರಿನಲ್ಲಿ ಕುರಿಮಾಂಸದ ಕತ್ತಿನ ಕಡೆಯ ಚೂರು ಹಿಡಿದು ಮನೆಗೆ ಬಂದ ಅವಳು ಬಾಣಲೆಯನ್ನು ಒಲೆಯ ಮೇಲೆ ಕುಕ್ಕಿದ್ದಳು. ಆ ಹೊತ್ತಿಗೆ ಅಮೆಡಿಯೊ ಸಿಪಾಯಿಯಾಗಿ ಐದು ತಿಂಗಳು. 'ಇಮ್ಮಾ, ನೀನೂ ಆ ಕಟುಕನನ್ನು ಹೊರಗೆ ಕರೆಯಬಲ್ಲೆ' ಎನ್ನುವ ಮಾತು ಗಂಟಲವರೆಗೂ ಬಂದು ವಾಪಸು ಇಳಿದಿತ್ತು. ಹೆಂಡತಿಗೆ ಹೇಳಕೂಡದು. ಹೆಂಡತಿಗೆ ಮಾತ್ರವಲ್ಲ, ಯಾರಿಗೂ ತಾನೇ ಹೇಳಿಕೊಳ್ಳಕೂಡದು. ನಮ್ಮವರ ಕಟ್ಟಳೆ ಅದು: ಸಿಪಾಯಿಯೊಬ್ಬ ಇನ್ನೊಬ್ಬ ಸಿಪಾಯಿಯ ಎದುರಿಗೆ ನಿಂತು 'ನಾನೂ ನಿಮ್ಮವನೇ' ಎನ್ನುವಂತಿಲ್ಲ; ಎಂದರೆ ತಲೆ ಉಳಿಯುವುದಿಲ್ಲ. ಇಬ್ಬರನ್ನೂ ಬಲ್ಲ ಮೂರನೆಯವನೊಬ್ಬ, ಅವನೂ ನಮ್ಮವನೇ ಆಗಿದ್ದು, ಮಧ್ಯೆ ನಿಂತು ಹೊಸಬನ ಮೊಣಕೈ ಹಿಡಿದು 'ಇವನು ನಮ್ಮವನು' ಎನ್ನಬೇಕು. ಆಮೇಲೆ ಕೆನ್ನೆಗೆ ಕೆನ್ನೆ ತಾಗಿಸಿ ಮುತ್ತು. ಅಲ್ಲಿಯವರೆಗೆ ಬರೀ ಕೈಕುಲುಕು. ಈ ಕಟ್ಟಳೆಯನ್ನು ಮಾಡಿದವನು ಜಾಣನೇ ಇರಬೇಕು, ಆದರೆ ಆ ಮೂರನೆಯವನು ಸತ್ತರೆ ಏನು ಮಾಡಬೇಕು ಎಂಬುದನ್ನು ಬರೆದಿಡಲು ಮರೆತಿದ್ದ. ಬರೆದಿಡುವುದೂ ಕಟ್ಟಳೆಗೆ ವಿರುದ್ಧ, ಅದು ಬೇರೆ ಮಾತು.

ಅಮೆಡಿಯೊ ಟೈ ಬಿಟ್ಟು ಬಲ ಅಂಗೈ ನೋಡಿಕೊಂಡ. ಅಂಗೈ ನಡುವೆ ಇಸ್ಪೀಟಿನ ಎಲೆಯ ಮೂಲೆಯಂಥ ಒಂದು ಗುಲಾಬಿ ಕಲೆ. ಇಮ್ಮಾಗೆ ಇಸ್ತ್ರಿಪೆಟ್ಟಿಗೆ ತಾಗಿತು ಎಂದು ಹೇಳಿದ್ದ. ನೀನು ಇಸ್ತ್ರಿ ಮಾಡಿದ್ದು ಯಾವ ಜನ್ಮದಲ್ಲಿ ಎಂದು ಅವಳು ಕೇಳಿದ್ದಳು. ಸಬಿನೊನ ಮನೆಯ ನೆಲಮಾಳಿಗೆಯಲ್ಲಿ, ನೀರು ಕಾಯಿಸುವ ಹಂಡೆಯ ಪಕ್ಕದಲ್ಲಿ ನಡೆದ ಶಾಸ್ತ್ರ ಅದು. ಸಂತನ ಚಿತ್ರವನ್ನು ಅಂಗೈಯಲ್ಲಿಟ್ಟು ಸುಡಬೇಕು, ಅದು ಬೂದಿಯಾಗುವವರೆಗೆ ಆಣೆಯ ಮಾತು ಹೇಳಬೇಕು. ಚಿತ್ರ ತರುವ ಕೆಲಸ ಸಬಿನೊನದ್ದು, ಅವನು ಮರೆತಿದ್ದ. ಮಹಡಿಗೆ ಓಡಿ ಹೆಂಡತಿಯ ಪ್ರಾರ್ಥನೆ ಪುಸ್ತಕದಿಂದ ಒಂದನ್ನು ಎಗರಿಸಿಕೊಂಡು ಬಂದ. ಸಂತ ಅಂತೋಣಿ, ಕಳೆದುಹೋದದ್ದನ್ನು ಹುಡುಕಿಕೊಡುವವನು. ಬಹಳ ಕಾಲ ಬಾಳಲಿ ಎಂದು ಯಾರೋ ಪುಣ್ಯಾತ್ಮರು ಅದಕ್ಕೆ ಪ್ಲಾಸ್ಟಿಕ್ ಹೊದಿಸಿದ್ದರು. ಬೆಂಕಿ ಕಡ್ಡಿ ಗೀರಿದಾಗ ಸಂತ ಸುಡಲಿಲ್ಲ, ಕರಗಿದ. ಕರಗಿ ಅಂಗೈಗೆ ಅಂಟಿಕೊಂಡ. 'ನಾನು ದ್ರೋಹ ಮಾಡಿದರೆ ಈ ಸಂತನಂತೆ ಉರಿದುಹೋಗುವಂತಾಗಲಿ' ಎಂದು ಹೇಳುತ್ತಿದ್ದ ಅಮೆಡಿಯೊನಿಗೆ ಉರಿಯುತ್ತಿದ್ದದ್ದು ಸಂತನಲ್ಲ, ತಾನು ಎಂದು ಸ್ಪಷ್ಟವಾಗಿ ಗೊತ್ತಾಗಿತ್ತು. ಮುಖ ಹಿಂಡಿದರೆ ಇಷ್ಟು ವರ್ಷದ ತಪಸ್ಸು ನೀರಲ್ಲಿ ಹೋಮವಾದಂತೆ. ಹಿಂಡಲಿಲ್ಲ. ಹೊಗೆಗೆ ಎತ್ತೋರೆ ಕೆಮ್ಮತೊಡಗಿದ, ಸಬಿನೊ ಕಿಟಕಿ ತೆಗೆಯಲು ಹೋದ, ಪೆಲೆಗ್ರಿನೊ ಮಾತ್ರ ಕದಲದೆ ನಿಂತು ಹಳೆಯ ಊರಿನ ಭಾಷೆಯಲ್ಲಿ ಕಟ್ಟಳೆಗಳನ್ನೆಲ್ಲ ಒಂದಕ್ಷರ ತಪ್ಪದೆ ಹೇಳಿ ಮುಗಿಸಿದರು. ಆಮೇಲೆ ಮೂವರೂ ಅವನ ಕೆನ್ನೆಗೆ ಮುತ್ತಿಟ್ಟರು. ಇಲ್ಲಿಯವರೆಗೆ ಸಿಕ್ಕಿದ್ದು ಆ ಮೂರೇ ಮುತ್ತು.

ಮುಂದಿನ ವಾರ ಎತ್ತೋರೆ ಹೊಸಬನ ಹೆಸರನ್ನು ಚೀಟಿಯಲ್ಲಿ ಬರೆದು ಉಳಿದ ಮನೆತನಗಳಿಗೆ ತೋರಿಸಬೇಕಿತ್ತು. ಚೀಟಿ ಜೇಬಿನಲ್ಲಿದ್ದಾಗಲೇ ಸರ್ಕಾರದವರು ಬಾಗಿಲು ತಟ್ಟಿದರು. ಎತ್ತೋರೆ ಊಟಕ್ಕೆ ಕೂತಿದ್ದ. ನಿಯತ್ತಿನ ಮನುಷ್ಯ, ಚೀಟಿಯನ್ನು ಮಡಚಿ ಬಾಯಿಗೆ ಹಾಕಿ, ಮೇಲೊಂದು ಬದನೆಕಾಯಿ ಹೋಳು ತುರುಕಿ ನುಂಗಿಬಿಟ್ಟ. ಅಮೆಡಿಯೊನ ಹೆಸರು ಹೀಗೆ ಬದನೆಕಾಯಿಯ ಸಂಗಡ ಒಳಗೆ ಹೋಯಿತು, ಎತ್ತೋರೆಯೂ ಒಳಗೆ ಹೋದ, ಜೈಲಿನಲ್ಲೇ ಪಿತ್ತಕೋಶ ಕೆಟ್ಟು ತೀರಿಕೊಂಡ. ಸಬಿನೊ, "ಅವಸರ ಮಾಡ್ಬೇಡ, ಸಮಯ ನೋಡಿ ನಾನೇ ಎಲ್ಲರ ಹತ್ರ ಕರ್ಕೊಂಡೋಗ್ತೀನಿ" ಎಂದ. ಎಂಟು ತಿಂಗಳಲ್ಲಿ ಅವನಿಗೆ ಸಮಯ ಕಾಣಿಸಲಿಲ್ಲ. ಸಿಪಾಯಿಯಾದವನ ಕೈಯಲ್ಲಿ ಕಾಫಿ ತರಿಸುವುದು ಅವನಿಗೆ ಕಷ್ಟವಾಗುತ್ತಿತ್ತು, ಆದರೆ ಕಾಫಿ ಇಲ್ಲದೆ ಇರುವುದು ಅದಕ್ಕಿಂತ ಕಷ್ಟವಾಗುತ್ತಿತ್ತು. ಸತ್ತವನ ಬಗ್ಗೆ ಹೀಗೆಲ್ಲ ಯೋಚಿಸಬಾರದು ಎಂದುಕೊಂಡು ಅಮೆಡಿಯೊ ನಾಲ್ಕನೆಯ ಸಲ ಗಂಟು ಹಾಕಿದ. ಅದು ಮೊದಲನೆಯದರಂತೆಯೇ ಬಂತು.

ಮಧ್ಯಾಹ್ನ ಎರಡಕ್ಕೆ ಸಬಿನೊನ ಅಂತಿಮ ದರ್ಶನ ಶುರು. ಒಂದೂವರೆಗೆ ಅವನು ಪೆಲೆಗ್ರಿನೊರನ್ನು ಅವರ ಮಗಳ ಮನೆಯಿಂದ ಹತ್ತಿಸಿಕೊಂಡ. ಜೂನ್ ತಿಂಗಳ ಬಿಸಿಲಿನಲ್ಲೂ ಉಣ್ಣೆಯ ಟೋಪಿ, ಕೈಯಲ್ಲಿ ಊರುಗೋಲು, ಎಂಬತ್ನಾಲ್ಕು ವರ್ಷ. ಹಿಂದಿನ ಸೀಟಿನಲ್ಲಿ ಕೂತು ಬ್ರೂಕ್ಲಿನ್ನಿನ ಬೀದಿಗಳನ್ನು ಮೊದಲ ಸಲ ನೋಡುವವರಂತೆ ನೋಡುತ್ತಿದ್ದರು. ಅಮೆಡಿಯೊ ಕನ್ನಡಿಯಲ್ಲಿ ಅವರ ಕಣ್ಣನ್ನೇ ಹುಡುಕುತ್ತಿದ್ದ. ನೆಲಮಾಳಿಗೆಯ ದಿನ ಆ ಕಣ್ಣುಗಳಲ್ಲಿ ಇದ್ದದ್ದು ಅಪ್ಪಟ ಬುದ್ಧಿ. ಅದಾದ ಮೇಲೆ ಎಂಟು ತಿಂಗಳು, ಪ್ರತಿ ಭಾನುವಾರ ಸುತ್ತಾಡಿಸಿಕೊಂಡು ಬಂದರೂ, ಅವರು ಒಂದು ನೆಟ್ಟಗಿನ ಮಾತು ಆಡಿರಲಿಲ್ಲ. ಮೊದಮೊದಲು ಅಮೆಡಿಯೊ ಅದನ್ನು ನಟನೆ ಎಂದು ಮೆಚ್ಚಿಕೊಂಡಿದ್ದ. ಆರು ತಿಂಗಳಿಗೊಮ್ಮೆ ಸರ್ಕಾರದ ಡಾಕ್ಟರು ಬಂದು ಪರೀಕ್ಷೆ ಮಾಡುತ್ತಾನೆ, ಬುದ್ಧಿ ಮರಳಿದೆ ಎಂದು ಬರೆದರೆ ಮೊಕದ್ದಮೆ ಮತ್ತೆ ಶುರು, ಆ ವಯಸ್ಸಿಗೆ ಜೈಲೆಂದರೆ ಅದೇ ಕೊನೆಯ ಮನೆ. ನಟಿಸಲೇಬೇಕು. ಆದರೆ ಮುಚ್ಚಿದ ಕಾರಿನಲ್ಲಿ, ತನ್ನೊಬ್ಬನ ಮುಂದೆ ಯಾಕೆ ನಟಿಸಬೇಕು? ಇತ್ತೀಚೆಗೆ ಈ ಯೋಚನೆ ಬಂದಾಗಲೆಲ್ಲ ಅವನು ಕನ್ನಡಿಯನ್ನು ಸರಿಪಡಿಸಿ ಮತ್ತೆ ಅವರ ಕಣ್ಣು ನೋಡುತ್ತಿದ್ದ.

"ದೊಡ್ಡಪ್ಪ, ಒಂದೇ ಒಂದು ಸಲ," ಎಂದ. "ಸಬಿನೊ ಜಾಗಕ್ಕೆ ಡೆನ್ನಿಸ್ ಅನ್ನೋನು ಕಪ್ತಾನ ಆಗಿದ್ದಾನೆ. ನಾಲ್ಕು ಗಂಟೆಗೆ ಕೆಳಗಡೆ ಸಿಗರೇಟ್ ಸೇದೋ ರೂಮಲ್ಲಿರ್ತಾನಂತೆ. ಪೊಲೀಸ್ನೋನು ಮೇಲಿರ್ತಾನೆ. ಬಾಗಿಲು ಹಾಕ್ತೀನಿ. ನನ್ನ ಮೊಣಕೈ ಹಿಡಿದು ಒಂದು ಮಾತು ಹೇಳ್ಬಿಡಿ. ಆಮೇಲೆ ಬೇಕಾದ್ರೆ ಸಾಯೋತನಕ ಹುಚ್ಚರಾಗಿರಿ, ನಾನು ಕೇಳಲ್ಲ."

ಮುದುಕರು ಕಿಟಕಿಯಿಂದ ಮುಖ ತಿರುಗಿಸಲಿಲ್ಲ. "ಮಾರ್ತಿನೊ," ಎಂದರು, "ಎಡಗಡೆ ಹಳ್ಳ ಇದೆ."

ಎಡಗಡೆ ನಿಜಕ್ಕೂ ಹಳ್ಳವಿತ್ತು. ಅಮೆಡಿಯೊ ತಪ್ಪಿಸುವಷ್ಟರಲ್ಲಿ ಚಕ್ರ ಅದರಲ್ಲಿ ಬಿದ್ದು ಎದ್ದಿತು. ಮಾರ್ತಿನೊ ಎನ್ನುವುದು ಮುದುಕರ ಹುಟ್ಟೂರಿನಲ್ಲಿದ್ದ ಹೇಸರಗತ್ತೆಯ ಹೆಸರು. ಅಂದರೆ, ಹಾಗೆಂದು ಅಮೆಡಿಯೊ ಕೋರ್ಟಿನಲ್ಲಿ ಹೇಳಿದ್ದ. ವಕೀಲರು ಅವನಿಗೆ ಮೂರು ವಾರ ಪಾಠ ಮಾಡಿ ಏನೇನು ಹೇಳಬೇಕು ಎಂದು ಬಾಯಿಪಾಠ ಮಾಡಿಸಿದ್ದರು. ಕಟಕಟೆ ಹತ್ತಿದ ಕೂಡಲೇ ಎಲ್ಲ ಮರೆತುಹೋಯಿತು. ಸರ್ಕಾರದ ವಕೀಲ ಮೂಗಿನ ಮೇಲೆ ಕನ್ನಡಕ ಏರಿಸಿ, "ಅವರಲ್ಲಿ ನೀವು ಕಂಡ ವಿಚಿತ್ರ ಏನು?" ಎಂದು ಕೇಳಿದಾಗ ಅವನ ಬಾಯಿಂದ ತಾನೇತಾನಾಗಿ ಬಂತು: "ನನ್ನನ್ನ ಮಾರ್ತಿನೊ ಅಂತಾರೆ ಸ್ವಾಮಿ. ಅದು ಅವರ ಹೇಸರಗತ್ತೆ. ಆಮೇಲೆ ನಿಂಬೆ ಐಸಿಗೆ ಉಪ್ಪು ಹಾಕ್ಕೊಂಡು ತಿಂತಾರೆ." ತಮ್ಮ ಕಡೆಯ ವಕೀಲರ ಮುಖ ಬಿಳಿಚಿಕೊಂಡಿತು, ಆದರೆ ಜಡ್ಜ್ ತಮ್ಮ ಪೆನ್ನು ಕೆಳಗಿಟ್ಟರು. ಅವರ ತಂದೆಯೂ ಕೊನೆಗಾಲದಲ್ಲಿ ಇಂಥದ್ದೇನೋ ತಿನ್ನುತ್ತಿದ್ದಿರಬೇಕು. ನಂಬಿದರು. ವರ್ಷ ಕಳೆದ ಮೇಲೆ ಆ ಸುಳ್ಳಿಗೆ ಸಿಕ್ಕ ಬಹುಮಾನವೇ ನೆಲಮಾಳಿಗೆಯ ಶಾಸ್ತ್ರ. ಕೋರ್ಟು ಮುಗಿದ ಮೊದಲ ಭಾನುವಾರ ಅಮೆಡಿಯೊ ಮುದುಕರನ್ನು ನಿಂಬೆ ಐಸಿನ ಅಂಗಡಿಗೆ ಕರೆದೊಯ್ದ. ರಸ್ತೆಯಾಚೆ ಸರ್ಕಾರದವರ ಕಾರು ನಿಂತಿತ್ತು. ಮುದುಕರು ಆ ಕಾರನ್ನು ನೋಡಿದರು, ಅಮೆಡಿಯೊನನ್ನು ನೋಡಿದರು, ಉಪ್ಪಿನ ಡಬ್ಬಿ ಎತ್ತಿ ಐಸಿನ ಮೇಲೆ ಮೂರು ಸಲ ಅಲ್ಲಾಡಿಸಿ, ಒಂದು ಚಮಚ ಬಾಯಿಗಿಟ್ಟರು. ನಿಂಬೆ ಐಸೆಂದರೆ ಪ್ರಾಣ ಬಿಡುತ್ತಿದ್ದ ಮನುಷ್ಯ. ಆಗ ಅವರು ನೋಡಿದ ನೋಟ ಅಮೆಡಿಯೊನಿಗೆ ಇನ್ನೂ ನೆನಪಿದೆ. ಅವನು ಆ ದಿನ ತನ್ನ ಐಸನ್ನು ಮುಗಿಸದೆ ಎಸೆದಿದ್ದ. ಹೇಳಿದವನು ಅವನು, ತಿನ್ನಬೇಕಾದವರು ಅವರು. ಎರಡು ವರ್ಷ, ವಾರಕ್ಕೊಂದು ಬಟ್ಟಲು.

ದರ್ಶನದ ಹಾಲಿನಲ್ಲಿ ಹೂವಿನ ವಾಸನೆಗೆ ತಲೆ ತಿರುಗುವಂತಿತ್ತು. ಬಿಳಿ ಹೂವಿನ ಗಡಿಯಾರವೊಂದನ್ನು ಪೆಟ್ಟಿಗೆಯ ತಲೆಯ ಕಡೆ ನಿಲ್ಲಿಸಿದ್ದರು. ಅದರ ಮುಳ್ಳುಗಳು ಸಬಿನೊ ಸತ್ತ ಗಳಿಗೆ ಹತ್ತೂ ಇಪ್ಪತ್ತಕ್ಕೆ ನಿಂತಿದ್ದವು. ಯಜಮಾನರ ಹೂವು ಎಲ್ಲಕ್ಕಿಂತ ಎತ್ತರ, ಕಪ್ತಾನರದ್ದು ಅದರ ಭುಜದವರೆಗೆ, ಸಿಪಾಯಿಗಳದ್ದು ಸೊಂಟದವರೆಗೆ. ಅಮೆಡಿಯೊ ಹೂವಿನಂಗಡಿಯಲ್ಲಿ ಅರ್ಧ ಗಂಟೆ ಒದ್ದಾಡಿ ಕೊನೆಗೆ ಮೊಣಕಾಲಿನ ಎತ್ತರದ್ದೊಂದನ್ನು ಕಳಿಸಿದ್ದ. ಅದು ಯಾರದೋ ಹೂವಿನ ಹಿಂದೆ ಸೇರಿಕೊಂಡಿತ್ತು. ಕೊನೆಯ ಸಾಲಿನಲ್ಲಿ ಕಂದು ಸೂಟಿನ ಹ್ಯಾಲೊರನ್ ಕೂತಿದ್ದ. ಪತ್ತೇದಾರ, ನಮ್ಮವರ ಒಂದು ಸಾವಿನ ಮನೆಯನ್ನೂ ತಪ್ಪಿಸಿದವನಲ್ಲ. ಬಂದವರ ಪುಸ್ತಕದಲ್ಲಿ ತನ್ನ ಹೆಸರನ್ನೂ ಮುದ್ದಾಗಿ ಬರೆದು, ಮನೆಯವರಿಗೆ ಕೈಮುಗಿದು, ಉಳಿದ ಹೊತ್ತೆಲ್ಲ ಯಾರು ಯಾರಿಗೆ ಮುತ್ತಿಡುತ್ತಾರೆ ಎಂದು ನೋಡುತ್ತಾ ಕೂರುತ್ತಿದ್ದ. ಅಮೆಡಿಯೊ ಕಟಕಟೆಯಲ್ಲಿ ನಿಂತ ದಿನವೂ ಅವನು ಹೀಗೆಯೇ ಕೊನೆಯ ಬೆಂಚಿನಲ್ಲಿದ್ದ.

ಪೆಲೆಗ್ರಿನೊರನ್ನು ಮೊದಲ ಸಾಲಿನಲ್ಲಿ ಕೂರಿಸಿ ಅಮೆಡಿಯೊ ಗೋಡೆಗೆ ಆತು ನಿಂತ. ಗಂಡಸರು ಸಾಲಾಗಿ ಬರುತ್ತಿದ್ದರು. ಒಬ್ಬರ ಕೆನ್ನೆಗೊಬ್ಬರು ಕೆನ್ನೆ ತಾಗಿಸುತ್ತಾ, ಅವನ ಹತ್ತಿರ ಬಂದಾಗ ಕೈ ಮುಂದೆ ಚಾಚಿ, ಅವನನ್ನು ದಾಟಿದ ಕೂಡಲೇ ಮತ್ತೆ ಕೆನ್ನೆ ಚಾಚುತ್ತಿದ್ದರು. ನಿಲುಗಡೆ ಇಲ್ಲದ ಜಾಗವನ್ನು ಬಸ್ಸು ದಾಟುವಂತೆ ದಾಟಿಹೋಗುತ್ತಿದ್ದರು. ಪ್ರತಿ ಸಲವೂ ಅಮೆಡಿಯೊನ ಕುತ್ತಿಗೆ ತಾನೇತಾನಾಗಿ ಕಾಲಂಗುಲ ಮುಂದೆ ಬಂದು ಹಿಂದೆ ಹೋಗುತ್ತಿತ್ತು. ಅದನ್ನು ಯಾರಾದರೂ ಕಂಡರೇನೋ ಎಂದು ಅವನಿಗೆ ನಾಚಿಕೆಯಾಯಿತು. ಡೆನ್ನಿಸ್ ಬಂದ. ನಲವತ್ತರ ಆಸುಪಾಸು, ಹಲ್ಲು ಬಹಳ ಬಿಳಿ, ಟೈ ಗಂಟು ಹಿಡಿ ಗಾತ್ರದ್ದು. ಅವನು ಅಮೆಡಿಯೊನ ಕೈ ಹಿಡಿದೇ ಅವನ ಹೆಗಲಾಚೆ ಯಾರನ್ನೋ ನೋಡಿ ನಕ್ಕ, ಆಮೇಲೆ ಇವನ ಕಡೆ ತಿರುಗಿದ.

"ನೀನು ಸಬಿನೊ ಡ್ರೈವರ್ ಅಲ್ವಾ?"

"ಹೌದು."

"ಒಳ್ಳೆ ಮನುಷ್ಯ ಅಂತಿದ್ದ. ಒಂದು ಕೆಲಸ ಮಾಡು, ಇನ್ನೊಂದು ಸ್ವಲ್ಪ ಹೊತ್ತಿಗೆ ಕೆಳಗಡೆಗೆ ಆರು ಕಾಫಿ. ನನಗೆ ಸಕ್ಕರೆ ಬೇಡ. ನೋಡು, ಬಿಸಿ ಇರ್ಬೇಕು."

ಸುಟ್ಟ ಅಂಗೈ ಇನ್ನೂ ಡೆನ್ನಿಸನ ಅಂಗೈಯಲ್ಲೇ ಇತ್ತು. ಆ ಕಲೆ ಅವನ ಚರ್ಮಕ್ಕೆ ತಾಗುತ್ತಿಲ್ಲವೆ? ಬಾಯಿ ಬಿಟ್ಟು ಒಂದು ಮಾತು ಹೇಳಿದರೆ ಸಾಕು, ಈ ಬಿಳಿ ಹಲ್ಲುಗಳು ಒಳಗೆ ಹೋಗುತ್ತವೆ. ಮಾತು ಹೇಳಿದ ಮಾರನೆಯ ದಿನ ತನಗೇ ಒಂದು ಹೂವಿನ ಗಡಿಯಾರ ಬರುತ್ತದೆ. "ಆಯ್ತು," ಎಂದ ಅಮೆಡಿಯೊ. "ಬಿಸಿಯಾಗೇ ತರ್ತೀನಿ."

ನಾಲ್ಕಕ್ಕೆ ಹತ್ತು ನಿಮಿಷವಿದ್ದಾಗ ಅವನು ಮುದುಕರ ಹತ್ತಿರ ಬಗ್ಗಿ, "ದೊಡ್ಡಪ್ಪ, ಕೆಳಗೆ ಹೋಗೋಣ," ಎಂದ. ಡೆನ್ನಿಸ್ ಇನ್ನೂ ಮೆಟ್ಟಿಲ ಹತ್ತಿರ ನ್ಯೂ ಜೆರ್ಸಿಯಿಂದ ಬಂದ ಇಬ್ಬರೊಂದಿಗೆ ಮಾತಾಡುತ್ತಿದ್ದ. ಪೆಲೆಗ್ರಿನೊ ಎದ್ದರು. ಊರುಗೋಲನ್ನು ಎಡಗೈಗೆ ಬದಲಾಯಿಸಿಕೊಂಡು, ಬಲಗೈಯಿಂದ ಅಮೆಡಿಯೊನ ಮೊಣಕೈ ಹಿಡಿದರು. ಆಸರೆಗಾಗಿ ಹಿಡಿಯುವ ಹಿಡಿತವಲ್ಲ ಅದು. ಹೆಬ್ಬೆರಳು ಒಳಗೆ, ನಾಲ್ಕು ಬೆರಳು ಹೊರಗೆ, ನೆಲಮಾಳಿಗೆಯಲ್ಲಿ ಹೇಳಿಕೊಟ್ಟಂತೆ. ಅವನು ಮೆಟ್ಟಿಲ ಕಡೆಗೆ ಕಾಲಿಟ್ಟ. ಮುದುಕರು ಪೆಟ್ಟಿಗೆಯ ಕಡೆಗೆ ಕಾಲಿಟ್ಟರು. ಎಂಬತ್ನಾಲ್ಕು ವರ್ಷದ ಆ ಕೈಯಲ್ಲಿ ಅಷ್ಟು ಬಲವಿದ್ದೀತು ಎಂದು ಯಾರು ನೆನೆಸಿದ್ದರು, ಅವನನ್ನು ಎಳೆದುಕೊಂಡೇ ಹೋದರು. ಪೆಟ್ಟಿಗೆಯ ಮುಂದೆ ನಿಂತರು. ಟೋಪಿ ತೆಗೆದರು. ಮಾತಾಡುತ್ತಿದ್ದವರು ಒಬ್ಬೊಬ್ಬರಾಗಿ ಸುಮ್ಮನಾದರು, ಏಕೆಂದರೆ ಎರಡು ವರ್ಷದಿಂದ ಯಾರೂ ಪೆಲೆಗ್ರಿನೊ ಟೋಪಿ ತೆಗೆದದ್ದನ್ನು ಕಂಡಿರಲಿಲ್ಲ.

"ಸಬಿನೊ," ಎಂದರು ಮುದುಕರು, ಸತ್ತವನ ಮುಖ ನೋಡುತ್ತಾ, ಮನೆಗೆ ಬಂದ ನೆಂಟನೊಂದಿಗೆ ಮಾತಾಡುವ ದನಿಯಲ್ಲಿ. "ಇವನು ಅಮೆಡಿಯೊ. ನಮ್ಮೋನು." ಆಮೇಲೆ ಇವನ ಕಡೆ ತಿರುಗಿ, "ಅಮೆಡಿಯೊ, ಇವನು ಸಬಿನೊ. ನಮ್ಮೋನು."

ಎರಡು ವರ್ಷದಲ್ಲಿ ಅವರ ಬಾಯಲ್ಲಿ ತನ್ನ ಹೆಸರು ಕೇಳಿದ್ದು ಅದೇ ಮೊದಲು. ಕಟ್ಟಳೆ ಪೂರ್ತಿಯಾಗಬೇಕಾದರೆ ಇನ್ನೊಂದು ಬಾಕಿ ಇತ್ತು, ಅದು ಅಮೆಡಿಯೊನ ಮೈಗೆ ಅವನ ತಲೆಗಿಂತ ಮೊದಲೇ ಗೊತ್ತಾಗಿತ್ತು. ಅವನು ಬಗ್ಗಿ ಸಬಿನೊನ ಕೆನ್ನೆಗೆ ಮುತ್ತಿಟ್ಟ. ಅವನಿಗೆ ಸಿಕ್ಕಿದ್ದು ಎಡಗೆನ್ನೆ. ಕ್ಷೌರಿಕ ಮುಗಿಸದೆ ಬಿಟ್ಟ, ಆಮೇಲೆ ಹೆಣ ಸಿಂಗರಿಸುವವನು ಹೇಗೋ ಹೆರೆದ ಕೆನ್ನೆ. ಪೌಡರಿನ ಕೆಳಗೆ ಕೂಳೆ ಚುಚ್ಚಿತು. ಮೂವತ್ತೊಂದು ವರ್ಷ ಕಾಯಿಸಿದವನು ಈಗ ತಿರುಗಿ ಮುತ್ತು ಕೊಡಲಿಲ್ಲ. ಅಮೆಡಿಯೊನಿಗೆ ನಗು ಬರುವಂತಾಯಿತು. ಯಾರಿಗೆ ಮೊದಲೇ ಗೊತ್ತಿತ್ತೋ ಅವನಿಗೇ ಪರಿಚಯ ಮಾಡಿಸಿದ್ದರು. ಆದರೆ ಎಲ್ಲರೂ ಕೇಳಿಸಿಕೊಂಡಿದ್ದರು. ತಲೆಯೆತ್ತಿದಾಗ ಮೆಟ್ಟಿಲ ಹತ್ತಿರ ಡೆನ್ನಿಸನ ಬಾಯಿ ಅರ್ಧ ತೆರೆದಿತ್ತು, ಹಲ್ಲು ಕಾಣುತ್ತಿರಲಿಲ್ಲ. ಅವನು ಒಂದು ಹೆಜ್ಜೆ ಇವನ ಕಡೆ ಇಟ್ಟ. ಇನ್ನೊಂದು ಇಟ್ಟಿದ್ದರೆ ಕೆನ್ನೆ ಚಾಚಲೇಬೇಕಾಗುತ್ತಿತ್ತು.

ಕೊನೆಯ ಸಾಲಿನಲ್ಲಿ ಕುರ್ಚಿ ಕಿರುಗುಟ್ಟಿತು. ಹ್ಯಾಲೊರನ್ ಎದ್ದು, ಟೋಪಿಯನ್ನು ಎದೆಗೆ ಒತ್ತಿಕೊಂಡು, ಸಾವಿನ ಮನೆಗೆ ತಕ್ಕ ನಿಧಾನದಲ್ಲಿ ನಡೆದು ಬಂದ.

"ಸ್ಕುಡಿಯೇರಿಯವರೇ, ಕ್ಷಮಿಸಿ, ಇಂಥ ಹೊತ್ತಲ್ಲಿ ಕೇಳ್ಬಾರದು," ಎಂದ. ದನಿ ಎಷ್ಟು ಮೆತ್ತಗಿತ್ತೆಂದರೆ ಎಲ್ಲರಿಗೂ ಕೇಳಿಸಿತು. "ಇವತ್ತು ಈ ಹಿರಿಯರಿಗೆ ನಿಮ್ಮ ಗುರುತು ಸಿಕ್ಕ ಹಾಗಿದೆ. ಹೆಸರೂ ಸರಿಯಾಗೇ ಹೇಳಿದ್ರು. ಏನೋ ಬಳಗದೋರು ಅಂದ ಹಾಗೂ ಕೇಳಿಸ್ತು. ಡಾಕ್ಟರಿಗೆ ತಿಳಿದ್ರೆ ಸಂತೋಷಪಡ್ತಾರೆ ಅಲ್ವಾ?"

ಅಮೆಡಿಯೊ ಡೆನ್ನಿಸನನ್ನು ನೋಡಿದ. ಡೆನ್ನಿಸ್ ಎತ್ತಿದ ಕಾಲನ್ನು ಕೆಳಗಿಡದೆ ಕಾಯುತ್ತಿದ್ದ. ಹೌದು ಎಂದರೆ ಇವತ್ತೇ ಸಂಜೆಯೊಳಗೆ ಸಿಪಾಯಿ. ನಾಳೆ ಇಮ್ಮಾ ಅಂಗಡಿಗೆ ಹೋದರೆ ಕಟುಕ ಕೈ ಒರೆಸಿಕೊಳ್ಳುತ್ತಾನೆ. ನಾಳಿದ್ದು ಡಾಕ್ಟರು ಬರುತ್ತಾನೆ, ಅದರಾಚೆ ಈ ಉಣ್ಣೆ ಟೋಪಿಯ ಮನುಷ್ಯ ಜೈಲಿನ ತಟ್ಟೆಯಲ್ಲಿ ಉಣ್ಣುತ್ತಾರೆ. ಮುದುಕರು ಇನ್ನೂ ಅವನ ಮೊಣಕೈ ಬಿಟ್ಟಿರಲಿಲ್ಲ. ಹೆಬ್ಬೆರಳು ಒಳಗೆ, ನಾಲ್ಕು ಬೆರಳು ಹೊರಗೆ. ಅವನಿಗೆ ಇದ್ದಕ್ಕಿದ್ದಂತೆ ಸಿಟ್ಟು ಬಂತು, ಯಾರ ಮೇಲೆಂದು ತಿಳಿಯದ ಸಿಟ್ಟು: ಕೊಡುವುದನ್ನು ಈ ಜನ ಯಾವತ್ತೂ ಎರಡು ಕೈಯಲ್ಲಿ ಕೊಡುವುದಿಲ್ಲ, ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಕಿತ್ತುಕೊಳ್ಳುತ್ತಾರೆ. ಆದರೆ ಕಣ್ಣಿಗೆ ಬಂದದ್ದು ಆ ಮೊದಲ ಭಾನುವಾರದ ಚಮಚ. ಅದು ಬಾಯೊಳಗೆ ಹೋದಾಗ ಮುದುಕರು ಮುಖವನ್ನು ಒಂದು ಚೂರೂ ಹಿಂಡಿರಲಿಲ್ಲ.

"ಸತ್ತೋರಿಗೆ ಬದುಕಿರೋರ ಪರಿಚಯ ಮಾಡ್ಸೋದು ಬುದ್ಧಿ ನೆಟ್ಟಗಿರೋರು ಮಾಡೋ ಕೆಲಸವಾ ಸಾರ್?" ಎಂದ ಅಮೆಡಿಯೊ. ತನ್ನ ದನಿ ತನಗೇ ಬೇರೆಯವನದ್ದೆನಿಸಿತು. "ಬೆಳಿಗ್ಗೆಯಿಂದ ಅಮೆಡಿಯೊ ಅಮೆಡಿಯೊ ಅಂತ ನಾನೇ ನೂರು ಸಲ ಹೇಳಿಕೊಟ್ಟಿದೀನಿ, ಗಿಳಿಗೆ ಹೇಳಿಕೊಟ್ಟ ಹಾಗೆ. ನಾನು ಯಾವ ಬಳಗದೋನು? ಕಾರು ಓಡಿಸ್ತೀನಿ, ಕಾಫಿ ತರ್ತೀನಿ. ಇಲ್ಲಿರೋರನ್ನ ಯಾರನ್ನ ಬೇಕಾದ್ರೂ ಕೇಳಿ. ಇವತ್ತು ಇವರ ಲೆಕ್ಕದಲ್ಲಿ ಮನುಷ್ಯ ಆಗಿದೀನಿ, ಅದೇ ದೊಡ್ಡದು. ನಿನ್ನೆ ತನಕ ಹೇಸರಗತ್ತೆ."

ಯಾರೋ ಮೂಗಿನಲ್ಲಿ ನಕ್ಕರು. ಆಮೇಲೆ ಇನ್ನೊಬ್ಬರು. ಸಾವಿನ ಮನೆಯಲ್ಲಿ ತಡೆದಿಟ್ಟ ನಗು ಒಮ್ಮೆ ಬಾಯಿ ಬಿಟ್ಟರೆ ನಿಲ್ಲುವುದಿಲ್ಲ; ಸಬಿನೊನ ಹೆಂಡತಿ ಕೂಡ ಕರವಸ್ತ್ರದೊಳಗೆ ಭುಜ ಕುಣಿಸುತ್ತಿದ್ದಳು. ಡೆನ್ನಿಸ್ ಕಾಲನ್ನು ಹಿಂದಕ್ಕೆ ಇಟ್ಟ. ಅವನ ಹಲ್ಲುಗಳು ಮರಳಿ ಬಂದವು. ಹತ್ತಿರ ಬಂದು ಅಮೆಡಿಯೊನ ಬೆನ್ನು ತಟ್ಟಿ, "ಪಾಪ, ಮುದುಕನ್ನ ಚೆನ್ನಾಗಿ ನೋಡ್ಕೊಳ್ತೀಯ ಕಣಯ್ಯ," ಎಂದ. "ಅಂದ್ಹಾಗೆ, ಕಾಫಿ ಏನಾಯ್ತು?" ಹ್ಯಾಲೊರನ್ ಟೋಪಿ ಹಾಕಿಕೊಂಡು ತನ್ನ ಜಾಗಕ್ಕೆ ಮರಳಿದ. ಮೊಣಕೈ ಮೇಲಿನ ಹಿಡಿತ ಸಡಿಲವಾಯಿತು. ಮುದುಕರು ಟೋಪಿಯನ್ನು ಹಿಂದುಮುಂದಾಗಿ ಹಾಕಿಕೊಂಡು ಹೂವಿನ ಗಡಿಯಾರವನ್ನು ನೋಡುತ್ತಾ, "ಮಾರ್ತಿನೊ, ಇದು ನಿಂತುಹೋಗಿದೆ," ಎಂದರು.

ಅಮೆಡಿಯೊ ಆರು ಕಾಫಿ ತಂದ. ಬಿಸಿಯಾಗೇ ಇತ್ತು. ಸಿಗರೇಟಿನ ರೂಮಿನಲ್ಲಿ ಗಂಡಸರು ಒಬ್ಬೊಬ್ಬರಾಗಿ ಲೋಟ ಎತ್ತಿಕೊಂಡರು, ಒಬ್ಬ "ಹೇಸರಗತ್ತೆ!" ಎಂದು ಇನ್ನೊಮ್ಮೆ ನಕ್ಕ, ಅಮೆಡಿಯೊನೂ ನಕ್ಕ. ತಟ್ಟೆ ಖಾಲಿಯಾದ ಮೇಲೂ ಅದನ್ನು ಹಿಡಿದುಕೊಂಡೇ ಸ್ವಲ್ಪ ಹೊತ್ತು ನಿಂತಿದ್ದ. ಇನ್ನು ಯಾರೂ ಉಳಿದಿಲ್ಲ ಎಂದು ಆಗ ಅವನಿಗೆ ಪೂರ್ತಿಯಾಗಿ ಅರ್ಥವಾಯಿತು. ನಾಳೆ ಪೆಲೆಗ್ರಿನೊಗೆ ನಿಜವಾಗಿ ಬುದ್ಧಿ ಬಂದು ಯಜಮಾನರ ಮುಂದೆ ನಿಂತು ಹೇಳಿದರೂ ಜನ ಈ ಮಧ್ಯಾಹ್ನವನ್ನು ನೆನೆಸಿಕೊಂಡು ನಗುತ್ತಾರೆ. ತಾನು ಸಿಪಾಯಿ ಎನ್ನುವುದನ್ನು ಇನ್ನು ಮುಂದೆ ನಂಬಬೇಕಾದವನು ತಾನೊಬ್ಬನೇ, ತನಗೂ ಅದರಲ್ಲಿ ಅಷ್ಟೇನೂ ವಿಶ್ವಾಸವಿರಲಿಲ್ಲ.

ವಾಪಸು ಹೋಗುವಾಗ ಅವನು ಆ ಹಳ್ಳವನ್ನು ತಪ್ಪಿಸಿದ. ಹದಿನೆಂಟನೆಯ ಅವೆನ್ಯೂ ಬಂದಾಗ ಹಿಂದಿನ ಸೀಟಿನಿಂದ ಊರುಗೋಲು ಅವನ ಹೆಗಲನ್ನು ಮೆಲ್ಲಗೆ ತಟ್ಟಿತು. ಭಾನುವಾರವಲ್ಲ, ಗುರುವಾರ, ಆದರೂ ನಿಲ್ಲಿಸಿದ. ರಸ್ತೆಯಾಚೆ ಬೂದು ಬಣ್ಣದ ಕಾರೊಂದು ಬಂದು ನಿಂತಿತು. ಅಂಗಡಿಯ ಕಿಟಕಿಯಲ್ಲಿ ಕುಳಿತಿದ್ದ ಹೆಂಗಸು ಇಬ್ಬರನ್ನೂ ಕಂಡು ಎರಡು ಬಟ್ಟಲು ತುಂಬಿಸಿ, ಕೇಳುವ ಮೊದಲೇ ಉಪ್ಪಿನ ಡಬ್ಬಿ ಮುಂದಿಟ್ಟಳು. "ಇವತ್ತೂ ಇದೇನಾ ತಾತ? ನಾಲಿಗೆ ಸುಟ್ಟುಹೋಗುತ್ತೆ ನೋಡಿ ಒಂದಿನ."

ಇಬ್ಬರೂ ಅಂಗಡಿಯ ಮುಂದಿನ ಬೆಂಚಿನಲ್ಲಿ ಕೂತರು. ಮುದುಕರು ತಮ್ಮ ಬಟ್ಟಲಿನ ಮೇಲೆ ಡಬ್ಬಿಯನ್ನು ಮೂರು ಸಲ ಅಲ್ಲಾಡಿಸಿದರು. ಆಮೇಲೆ ಕೈ ಚಾಚಿ ಅಮೆಡಿಯೊನ ಬಟ್ಟಲಿನ ಮೇಲೂ ಅಲ್ಲಾಡಿಸತೊಡಗಿದರು.

"ಬೇಡ ದೊಡ್ಡಪ್ಪ, ನನಗೆ ಬೇಡ."

"ತಿನ್ನು," ಎಂದರು ಪೆಲೆಗ್ರಿನೊ. "ನಮ್ಮೋರೆಲ್ಲ ಹಿಂಗೇ ತಿನ್ನೋದು."

ಅಮೆಡಿಯೊ ಥಟ್ಟನೆ ಅವರ ಕಣ್ಣು ನೋಡಿದ. ಹಿಂದುಮುಂದಾದ ಟೋಪಿಯ ಕೆಳಗೆ ಆ ಕಣ್ಣುಗಳು ರಸ್ತೆಯಾಚೆಯ ಬೂದು ಕಾರನ್ನು ನೋಡುತ್ತಿದ್ದವು, ಅಥವಾ ಏನನ್ನೂ ನೋಡುತ್ತಿರಲಿಲ್ಲ. ತುಟಿಯ ತುದಿಯಲ್ಲಿ ಇದ್ದದ್ದು ನಗುವೋ ಕರಗಿದ ಐಸೋ ತಿಳಿಯಲಿಲ್ಲ. ಡಬ್ಬಿ ಇನ್ನೂ ಅಲ್ಲಾಡುತ್ತಲೇ ಇತ್ತು. ಉಪ್ಪು ಬಟ್ಟಲಿನ ಮೇಲೆ, ಅದನ್ನು ಹಿಡಿದ ಅಂಗೈಯ ಗುಲಾಬಿ ಕಲೆಯ ಮೇಲೆ, ಕಪ್ಪು ಟೈಯ ಮೇಲೆ ಬೀಳುತ್ತಿತ್ತು. ಕೋರ್ಟಿನಲ್ಲಿ ತಾನೇ ಹುಟ್ಟಿಸಿದ ಈ ತಿಂಡಿಯನ್ನು ಅವನು ಇವತ್ತಿನವರೆಗೆ ಬಾಯಿಗಿಟ್ಟಿರಲಿಲ್ಲ. ಮುದುಕರು ಮೊದಲ ಚಮಚ ತಿಂದು, ಅವನು ಎತ್ತಲಿ ಎಂದು ಕಾದರು.

ಅಮೆಡಿಯೊ ತಿಂದ. ಮುಖ ಹಿಂಡಲಿಲ್ಲ. ಉಪ್ಪು ಸ್ವಲ್ಪ ಹೆಚ್ಚಾಗಿತ್ತು.